ತೂಕದ ಪುಸ್ತಕದಲ್ಲಿ ಒಂದು ವರ್ಷ: ಕಾರ್ನ್ ಹಾವುಗಳಿಂದ ಮರಿ ಮಾಡಿಸಿದ ಅನುಭವ

ಸಾಕಿದ ಹಾವುಗಳ ತೂಕ ಬರೆದಿಡಲು ನಾನೊಂದು ನೋಟ್‌ಬುಕ್ ಇಟ್ಟುಕೊಂಡಿದ್ದೇನೆ. ಅದರಲ್ಲಿ 2023ರ ನವೆಂಬರ್ 1ರ ಪುಟದಲ್ಲಿ ಇರುವುದು ಮೂರೇ ಸಾಲು: ಕೆಂಚ 410 ಗ್ರಾಂ, ಚೆನ್ನಿ 465 ಗ್ರಾಂ, ಬೂದಿ 338 ಗ್ರಾಂ. ಅವುಗಳ ಕೆಳಗೆ ‘ಕೊನೆಯ ಊಟ’ ಎಂದು ಬರೆದು ಗೆರೆ ಎಳೆದಿದ್ದೇನೆ. ಮುಂದಿನ ನಾಲ್ಕು ತಿಂಗಳು ಅವಕ್ಕೆ ಆಹಾರವಿರಲಿಲ್ಲ. ಹಾವುಗಳಿಂದ ಮರಿ ಮಾಡಿಸುವ ಕೆಲಸ ಆರಂಭವಾಗುವುದೇ ಹೀಗೆ, ಉಪವಾಸದಿಂದ.

ನಾನಿರುವುದು ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್ ನಗರದ ಹೊರವಲಯದಲ್ಲಿ. ಊರು ಹಾಸನದ ಕಡೆಯದು. ಕಣಜದ ಹತ್ತಿರ ಕೇರೆ ಹಾವು ಕಂಡರೆ ಇಲಿ ಹಿಡಿಯಲಿ ಬಿಡು ಎಂದು ಸುಮ್ಮನಾಗುತ್ತಿದ್ದ ಮನೆಯಲ್ಲಿ ಬೆಳೆದವನು. ಕಾರ್ನ್ ಹಾವು ಅಮೆರಿಕದ ಆಗ್ನೇಯ ಭಾಗದ ಕೇರೆಯಂಥದ್ದೇ ಎನ್ನಬಹುದು: ವಿಷವಿಲ್ಲದ್ದು, ಇಲಿಯನ್ನು ಸುತ್ತಿ ಬಿಗಿದು ಕೊಂದು ತಿನ್ನುವಂಥದ್ದು, ಬೆಳೆದರೆ ಮೂರರಿಂದ ಐದು ಅಡಿ. ಜೋಳದ ಕಣಜಗಳಲ್ಲಿ ಇಲಿ ಅರಸಿ ಬರುತ್ತಿದ್ದುದರಿಂದ ಆ ಹೆಸರು ಬಂತು ಎನ್ನುವವರಿದ್ದಾರೆ. ಹೊಟ್ಟೆಯ ಕಪ್ಪು ಬಿಳಿ ಚೌಕಗಳು ಬಣ್ಣದ ಮುಸುಕಿನ ಜೋಳದ ತೆನೆಯನ್ನು ಹೋಲುವುದರಿಂದ ಬಂತು ಎನ್ನುವವರೂ ಇದ್ದಾರೆ. ಇಲ್ಲಿ ತಲೆಮಾರುಗಳಿಂದ ಸಾಕಣೆಯಲ್ಲೇ ಹುಟ್ಟಿದ ಹಾವುಗಳನ್ನು ಕೊಂಡು ಸಾಕುವುದು ಅಪರೂಪವೇನಲ್ಲ. ಊರಿನಿಂದ ಕರೆ ಮಾಡಿದ ಗೆಳೆಯರೆಲ್ಲ ‘ನಾವೂ ಸಾಕಬಹುದಾ’ ಎಂದು ಕೇಳುವುದರಿಂದ ಇದನ್ನು ಮೊದಲೇ ಹೇಳಿಬಿಡುತ್ತೇನೆ. ಭಾರತದಲ್ಲಿ ಕೇರೆ, ಹೆಬ್ಬಾವು ಮೊದಲಾದ ನಮ್ಮ ಹಾವುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಅವುಗಳನ್ನು ಹಿಡಿದು ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ.

ಕೆಂಚ ಗಂಡು. ಮೈಯಲ್ಲಿ ಕಪ್ಪು ಬಣ್ಣವೇ ಇಲ್ಲದ, ಕೆಂಪು ಕಣ್ಣಿನ, ಕಿತ್ತಳೆ ಬಣ್ಣದ ಹಾವು. ಸಾಕುವವರ ಮಾತಿನಲ್ಲಿ ‘ಅಮೆಲ್’. ಬೂದಿಯದು ಇದಕ್ಕೆ ತದ್ವಿರುದ್ಧ. ಅವಳಲ್ಲಿ ಕೆಂಪಿಲ್ಲ, ಬೂದು ಕಪ್ಪು ಮಾತ್ರ. ಅದಕ್ಕೆ ‘ಅನೆರಿ’ ಎನ್ನುತ್ತಾರೆ. ಚೆನ್ನಿಯದು ಕಾಡಿನಲ್ಲಿ ಕಾಣುವ ಸಹಜ ಬಣ್ಣ. ಅಮೆಲ್ ಮತ್ತು ಅನೆರಿ ಎರಡೂ ತಂದೆ ತಾಯಿ ಇಬ್ಬರಿಂದಲೂ ಬಂದಾಗ ಮಾತ್ರ ಮೈಮೇಲೆ ತೋರುವ ಗುಣಗಳು. ಒಬ್ಬರಿಂದ ಮಾತ್ರ ಬಂದರೆ ಹಾವು ನೋಡಲು ಸಾಮಾನ್ಯವಾಗಿಯೇ ಇದ್ದು, ಗುಣವನ್ನು ಒಳಗೆ ಬಚ್ಚಿಟ್ಟುಕೊಂಡಿರುತ್ತದೆ. ಅಂಥ ಹಾವನ್ನು ‘ಹೆಟ್’ ಎಂದು ಕರೆಯುತ್ತಾರೆ. ಕಾರ್ನ್ ಹಾವುಗಳಲ್ಲಿ ಈ ಲೆಕ್ಕವನ್ನು ಮೊದಲು ತೋರಿಸಿಕೊಟ್ಟವರು ಬೆಕ್ಟಲ್ ದಂಪತಿ. ಸಾಕಣೆಯಲ್ಲಿ ಮರಿ ಮಾಡಿಸಿ ಪಡೆದ ಫಲಿತಾಂಶವನ್ನು ಅವರು 1962ರಲ್ಲಿ ಪ್ರಕಟಿಸಿದ್ದರು. ನಾನು ಕೊಳ್ಳುವಾಗ ಕೆಂಚನನ್ನು ‘ಅನೆರಿಗೆ ಹೆಟ್’ ಎಂದೂ, ಬೂದಿ ಮತ್ತು ಚೆನ್ನಿಯರನ್ನು ‘ಅಮೆಲ್‌ಗೆ ಹೆಟ್’ ಎಂದೂ ಮಾರಿದ್ದರು. ಎರಡು ಗುಣಗಳೂ ಕೂಡಿ ಹುಟ್ಟುವ ಬಿಳಿ ಹಾವಿಗೆ ‘ಸ್ನೋ’ ಎನ್ನುತ್ತಾರೆ. ಕೆಂಚ ಮತ್ತು ಬೂದಿಯ ಜೋಡಿಯಲ್ಲಿ ನಾಲ್ಕರಲ್ಲೊಂದು ಮರಿ ಸ್ನೋ ಆಗಬೇಕಿತ್ತು. ಸ್ನೋ ಮರಿ ನೋಡುವ ಆಸೆಯೇ ನನ್ನನ್ನು ಈ ಕೆಲಸಕ್ಕೆ ಇಳಿಸಿತು ಎಂದು ಒಪ್ಪಿಕೊಳ್ಳುತ್ತೇನೆ.

ಕಾರ್ನ್ ಹಾವು ಚಳಿಗಾಲ ಕಾಣುವ ನಾಡಿನದು. ಚಳಿಯಲ್ಲಿ ಸುಪ್ತವಾಗಿದ್ದು ವಸಂತದಲ್ಲಿ ಎದ್ದಾಗಲೇ ಗಂಡಿಗೆ ಬೆದೆ, ಹೆಣ್ಣಿನ ಹೊಟ್ಟೆಯಲ್ಲಿ ಮೊಟ್ಟೆಯ ಬೆಳವಣಿಗೆ. ಬೆಚ್ಚಗಿನ ಮನೆಯಲ್ಲಿ ವರ್ಷವಿಡೀ ಇಟ್ಟ ಹಾವುಗಳೂ ಒಮ್ಮೊಮ್ಮೆ ಕೂಡುತ್ತವೆ, ಆದರೆ ಮೂವರೂ ಒಂದೇ ಸಮಯಕ್ಕೆ ಸಿದ್ಧವಾಗಬೇಕಾದರೆ ಚಳಿಯೇ ಒಳ್ಳೆಯದು. ಅಪಾಯ ಇರುವುದು ಹೊಟ್ಟೆಯಲ್ಲಿ. ಹಾವಿನ ಜೀರ್ಣಶಕ್ತಿ ಹೊರಗಿನ ಶಾಖವನ್ನು ಅವಲಂಬಿಸಿದೆ. ನುಂಗಿದ ಇಲಿ ಕರಗುವ ಮೊದಲೇ ತಂಪು ತಗುಲಿದರೆ ಅದು ಒಳಗೇ ಕೊಳೆಯುತ್ತದೆ. ಆದ್ದರಿಂದ ಕೊನೆಯ ಊಟದ ನಂತರ ಮೂರು ವಾರ ಹೀಟರ್ ಹಾಗೆಯೇ ಇರಬೇಕು, ಊಟ ಮಾತ್ರ ಇರಬಾರದು. ಮೂರೂ ಹಾವುಗಳು ಹಿಕ್ಕೆ ಹಾಕಿ ಹೊಟ್ಟೆ ಖಾಲಿ ಮಾಡಿದ್ದನ್ನು ನೋಡಿದ ಮೇಲೆಯೇ ನಾನು ಶಾಖವನ್ನು ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಇಳಿಸಿದೆ. ಡಿಸೆಂಬರ್ ಆರಂಭದ ಹೊತ್ತಿಗೆ ಅವುಗಳ ಡಬ್ಬಿಗಳು ನೆಲಮಾಳಿಗೆಯ ಉತ್ತರದ ಗೋಡೆಯ ಪಕ್ಕ, ಕಿಟಕಿಯ ಕೆಳಗೆ, ಕತ್ತಲಲ್ಲಿದ್ದವು. ಆ ಮೂಲೆ ಡಿಸೆಂಬರಿನಲ್ಲಿ 11ರಿಂದ 14 ಡಿಗ್ರಿ ಸೆಲ್ಸಿಯಸ್ ಇರುತ್ತದೆ ಎಂಬುದನ್ನು ಹಿಂದಿನ ವರ್ಷವೇ ಥರ್ಮಾಮೀಟರ್ ಇಟ್ಟು ಬರೆದುಕೊಂಡಿದ್ದೆ.

ಆ ತಿಂಗಳುಗಳಲ್ಲಿ ಮಾಡಬೇಕಾದ ಕೆಲಸ ಬಹಳ ಕಡಿಮೆ, ಅದೇ ಕಷ್ಟ. ವಾರಕ್ಕೊಮ್ಮೆ ನೀರು ಬದಲಿಸುವುದು, ಎರಡು ವಾರಕ್ಕೊಮ್ಮೆ ಸದ್ದಿಲ್ಲದೆ ಎತ್ತಿ ತೂಗುವುದು, ಉಸಿರಾಟದಲ್ಲಿ ಸೀಟಿಯಂಥ ಶಬ್ದವಾಗಲಿ ಬಾಯಂಚಿನಲ್ಲಿ ಗುಳ್ಳೆಯಾಗಲಿ ಇದೆಯೇ ಎಂದು ನೋಡುವುದು. ಸುಪ್ತ ಹಾವು ಕೈಯಲ್ಲಿ ತಣ್ಣನೆಯ ಹಗ್ಗದಂತಿರುತ್ತದೆ; ನಾಲಿಗೆ ಒಮ್ಮೆ ಹೊರಗೆ ಬಂದರೆ ಸಾಕು, ಆ ವಾರದ ನಿದ್ರೆ ನನಗೆ. ಫೆಬ್ರವರಿ 20ರಂದು ಮೇಲೆ ತಂದಾಗ ಚೆನ್ನಿ 14 ಗ್ರಾಂ, ಕೆಂಚ 11 ಗ್ರಾಂ, ಬೂದಿ 17 ಗ್ರಾಂ ಕಳೆದುಕೊಂಡಿದ್ದರು. ಇವರಲ್ಲಿ ಅತಿ ಚಿಕ್ಕವಳಾದ ಬೂದಿ ಅತಿ ಹೆಚ್ಚು ಕಳೆದುಕೊಂಡದ್ದು ಪುಸ್ತಕದಲ್ಲಿ ಕಣ್ಣಿಗೆ ಹೊಡೆಯುವಂತಿತ್ತು. ನಾನು ಅದನ್ನು ಬರೆದೆ, ಆದರೆ ಓದಲಿಲ್ಲ.

ಎದ್ದ ಹಾವಿಗೆ ಮೊದಲು ನೀರು, ನಂತರ ಶಾಖ, ವಾರದ ಮೇಲೆ ಚಿಕ್ಕದೊಂದು ಇಲಿ. ಮಾರ್ಚ್ ತಿಂಗಳಿಡೀ ಹೆಣ್ಣುಗಳಿಗೆ ಐದು ದಿನಕ್ಕೊಮ್ಮೆ ಊಟ ಕೊಟ್ಟೆ. ಕೆಂಚ ಏಪ್ರಿಲ್ ಬಂದೊಡನೆ ತಿನ್ನುವುದನ್ನೇ ಬಿಟ್ಟು ರಾತ್ರಿಯೆಲ್ಲ ಗಾಜಿಗೆ ಮೂತಿ ಉಜ್ಜುತ್ತಾ ಅಲೆಯತೊಡಗಿದ. ಹೆಣ್ಣು ಚಳಿಯ ನಂತರದ ಮೊದಲ ಪೊರೆ ಕಳಚಿದಾಗ ಅವಳ ಮೈಯಿಂದ ಹೊರಡುವ ವಾಸನೆಯೇ ಗಂಡಿಗೆ ಆಹ್ವಾನ. ಬೂದಿ ಏಪ್ರಿಲ್ 12ರಂದು ಪೊರೆ ಬಿಟ್ಟಳು. 18ರ ಸಂಜೆ ಅವಳನ್ನು ಕೆಂಚನ ಡಬ್ಬಿಗೆ ಬಿಟ್ಟೆ. ಅವನು ಅವಳ ಬೆನ್ನಿನ ಮೇಲೆ ಗದ್ದ ಉಜ್ಜುತ್ತಾ, ಅಲೆ ಅಲೆಯಾಗಿ ಕಂಪಿಸುತ್ತಾ ಹಿಂಬಾಲಿಸಿದ. ಅರ್ಧ ಗಂಟೆಯ ಹಿಂಬಾಲಿಕೆಯ ನಂತರ ಬಾಲಗಳು ಹೆಣೆದುಕೊಂಡು ಸುಮಾರು ಇಪ್ಪತ್ತು ನಿಮಿಷ ಹಾಗೆಯೇ ಇದ್ದವು. ಮೂರು ದಿನಗಳ ಅಂತರದಲ್ಲಿ ಇನ್ನೆರಡು ಬಾರಿ ಸೇರಿಸಿದೆ. ಚೆನ್ನಿಯ ಸರದಿ 26ರಂದು ಬಂತು. ಕೂಡಿಸುವ ಹೊತ್ತನ್ನು ಬಿಟ್ಟರೆ ಮೂವರೂ ಬೇರೆ ಬೇರೆ ಡಬ್ಬಿಗಳಲ್ಲೇ ಇದ್ದರು. ಹಾವಿಗೆ ಜೊತೆಗಾರರ ಅಗತ್ಯವಿದೆ ಎನ್ನುವುದು ಮನುಷ್ಯರ ಕಲ್ಪನೆ.

ಹಾವು ಸಾಕುವವರಲ್ಲಿ ಮೂರರ ನಿಯಮ ಎಂಬುದೊಂದಿದೆ: ಮೂರು ವರ್ಷ, ಮೂರು ಅಡಿ, ಮುನ್ನೂರು ಗ್ರಾಂ ಆಗದ ಹೆಣ್ಣನ್ನು ಗಂಡಿನ ಬಳಿ ಬಿಡಬಾರದು. ಬೂದಿ ಹುಟ್ಟಿದ್ದು 2020ರ ಜುಲೈನಲ್ಲಿ. ಉದ್ದ ಮೂರಡಿಗಿಂತ ತುಸು ಹೆಚ್ಚು. ಚಳಿಯಿಂದ ಎದ್ದಾಗ 321 ಗ್ರಾಂ. ಮೂರೂ ಪರೀಕ್ಷೆಗಳಲ್ಲಿ ಪಾಸು. ಆ ನಿಯಮ ಹೇಳುವುದು ‘ಇದಕ್ಕಿಂತ ಕಡಿಮೆ ಬೇಡ’ ಎಂದು. ‘ಇಷ್ಟಿದ್ದರೆ ಸಾಕು’ ಎಂದಲ್ಲ. ನಾನು ಅದನ್ನು ಎರಡನೆಯ ಅರ್ಥದಲ್ಲಿ ಓದಿಕೊಂಡೆ.

ಮೇ ತಿಂಗಳ ನಡುವಿಗೆ ಇಬ್ಬರ ಮೈಯೂ ಹಿಂಬದಿಯಲ್ಲಿ ತುಂಬಿಕೊಂಡು, ಬೆರಳ ಮೇಲೆ ಹರಿಯಬಿಟ್ಟರೆ ಒಳಗೆ ಮಣಿಸರದಂತೆ ಒಂದೊಂದೇ ಗುಂಡು ತಾಗುತ್ತಿತ್ತು. ಮೊಟ್ಟೆ ಇಡುವ ಮೊದಲು ಹೆಣ್ಣು ಇನ್ನೊಮ್ಮೆ ಪೊರೆ ಬಿಡುತ್ತದೆ. ಅಲ್ಲಿಂದ ಒಂದು ಎರಡು ವಾರದೊಳಗೆ ಮೊಟ್ಟೆ. ಬೂದಿ ಮೇ 20ರಂದು ಪೊರೆ ಬಿಟ್ಟಳು. ಆಗಲೇ ಒದ್ದೆ ಪಾಚಿ ತುಂಬಿದ ಕತ್ತಲ ಡಬ್ಬಿಯೊಂದನ್ನು ಅವಳ ಬಳಿ ಇಡಬೇಕಿತ್ತು. ಆಫೀಸಿನ ಕೆಲಸದ ಗಡಿಬಿಡಿಯಲ್ಲಿ ನಾನು ಅದನ್ನು ಇಟ್ಟದ್ದು 28ರಂದು. ಆ ಎಂಟು ರಾತ್ರಿಗಳಲ್ಲಿ ಅವಳು ಮೊಟ್ಟೆ ಇಡಲು ಜಾಗ ಹುಡುಕುತ್ತಾ, ನೀರಿನ ಬಟ್ಟಲನ್ನು ಮಗುಚುತ್ತಾ, ಮೂಲೆ ಮೂಲೆಗೆ ತಲೆ ತುರುಕುತ್ತಾ ದಣಿದಿದ್ದಳು. ಮೇ 30ರ ಮುಂಜಾನೆ ಆರಂಭಿಸಿ ಮಧ್ಯಾಹ್ನದ ಹೊತ್ತಿಗೆ ಹದಿನೈದು ಮೊಟ್ಟೆ ಇಟ್ಟಳು. ಹದಿನಾಲ್ಕು ಬೆಳ್ಳಗೆ ಗಟ್ಟಿಯಾಗಿದ್ದವು. ಒಂದು ಹಳದಿಯಾಗಿ ಕುಗ್ಗಿದ ಬರಡು. ಸಂಭ್ರಮದಿಂದ ಮೊಟ್ಟೆಗಳನ್ನು ಎತ್ತಿ ಹೋದವನು ತಾಯಿಯ ಮೈ ತಡವಿದ್ದು ಮರುದಿನ. ಬಾಲಕ್ಕಿಂತ ನಾಲ್ಕು ಬೆರಳು ಮೇಲೆ ಒಂದು ಗಂಟು ಹಾಗೆಯೇ ಉಳಿದಿತ್ತು.

ಮೊಟ್ಟೆ ಒಳಗೇ ಕಟ್ಟಿಕೊಂಡರೆ ದಿನ ಕಳೆದಂತೆ ಅದು ಒಳಗೋಡೆಗೆ ಅಂಟಿಕೊಳ್ಳುತ್ತದೆ. ಕೈಯಿಂದ ಒತ್ತಿ ತಳ್ಳಲು ಹೋದರೆ ಅಂಡನಾಳ ಹರಿಯಬಹುದು. ಅಷ್ಟು ಗೊತ್ತಿತ್ತು, ಆದ್ದರಿಂದ ಒತ್ತಲಿಲ್ಲ. ಉಗುರು ಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ಬಿಟ್ಟು ಕಾದೆ. ಶನಿವಾರ ಬೆಳಿಗ್ಗೆ ಸರೀಸೃಪಗಳನ್ನು ನೋಡುವ ಪಶುವೈದ್ಯರ ಬಳಿಗೆ, ದಿಂಬಿನ ಚೀಲದಲ್ಲಿ ಅವಳನ್ನು ಹಾಕಿಕೊಂಡು ಹೋದೆ. ಎಕ್ಸ್-ರೇ ತೆಗೆದು, ಕ್ಯಾಲ್ಸಿಯಂ ಚುಚ್ಚುಮದ್ದು ಕೊಟ್ಟರು. ಹೆರಿಗೆ ನೋವು ಬರಿಸುವ ಆಕ್ಸಿಟೋಸಿನ್ ಹಾವುಗಳಲ್ಲಿ ಅಷ್ಟಾಗಿ ಕೆಲಸ ಮಾಡುವುದಿಲ್ಲವೆಂದು ಹೇಳಿ, ಹೊಟ್ಟೆಯ ಚರ್ಮದ ಮೂಲಕವೇ ಮೊಟ್ಟೆಗೆ ಸೂಜಿ ಇಳಿಸಿ ಒಳಗಿನ ದ್ರವವನ್ನು ಹೀರಿದರು. ಗಂಟು ಕಣ್ಣೆದುರೇ ಇಳಿಯಿತು. ಸುಕ್ಕುಗಟ್ಟಿದ ಸಿಪ್ಪೆ ಮರುದಿನ ರಾತ್ರಿ ಹೊರಬಿತ್ತು. ಬಿಲ್ಲು 380 ಡಾಲರ್. ಅವಳ ತೂಕ 258 ಗ್ರಾಂ. ಬೆನ್ನುಮೂಳೆ ಕೈಗೆ ತಾಗುತ್ತಿತ್ತು. ಮೊದಲ ಎರಡು ವಾರ ಅವಳಿಗೆ ಪೂರ್ತಿ ಇಲಿಯ ಬದಲು ಚಿಕ್ಕ ಇಲಿಮರಿಗಳನ್ನೇ ನಾಲ್ಕು ದಿನಕ್ಕೊಮ್ಮೆ ಕೊಟ್ಟೆ. ಚೆನ್ನಿಗೆ ಪೊರೆ ಬಿಟ್ಟ ದಿನವೇ ಪಾಚಿಯ ಡಬ್ಬಿ ಇಟ್ಟಿದ್ದೆ. ಅವಳು ಅದರೊಳಗೆ ಸೇರಿಕೊಂಡವಳು ಜೂನ್ 8ರಂದು ಹದಿನೆಂಟು ಮೊಟ್ಟೆ ಇಟ್ಟು, ಅವುಗಳ ಸುತ್ತ ಮಲಗಿದ್ದಳು. ಒಂದು ಮಾತ್ರ ಬರಡು.

ಮೊಟ್ಟೆ ಕಾಯಿಸುವ ಪೆಟ್ಟಿಗೆಯನ್ನು ನಾನೇ ಮಾಡಿಕೊಂಡಿದ್ದೆ: ದಪ್ಪ ಥರ್ಮೋಕೋಲ್ ಪೆಟ್ಟಿಗೆ, ಶಾಖದ ಪಟ್ಟಿ, ಥರ್ಮೋಸ್ಟಾಟ್, ಶಾಖ ಏರುಪೇರಾಗದಂತೆ ಹಿಡಿದಿಡಲು ನೀರು ತುಂಬಿದ ನಾಲ್ಕು ಬಾಟಲಿ. ಥರ್ಮೋಸ್ಟಾಟ್ 82 ಡಿಗ್ರಿ ಫ್ಯಾರನ್‌ಹೀಟ್‌ಗೆ, ಅಂದರೆ ಸುಮಾರು 28 ಸೆಲ್ಸಿಯಸ್‌ಗೆ. ಮುಷ್ಟಿಯಲ್ಲಿ ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ಒದ್ದೆಯಾದ ವರ್ಮಿಕ್ಯುಲೈಟ್‌ನಲ್ಲಿ (ನೀರು ಹಿಡಿದಿಡುವ ಹಗುರವಾದ ಖನಿಜದ ಹರಳು) ಮೊಟ್ಟೆಗಳನ್ನು ಅರ್ಧ ಹೂತಿಟ್ಟೆ. ಕೋಳಿ ಮೊಟ್ಟೆಯನ್ನು ತಿರುಗಿಸುತ್ತಿರಬೇಕು. ಹಾವಿನ ಮೊಟ್ಟೆಯನ್ನು ತಿರುಗಿಸಬಾರದು, ಒಳಗಿನ ಭ್ರೂಣ ಮೇಲ್ಭಾಗದಲ್ಲಿ ನೆಲೆ ನಿಂತಿರುತ್ತದೆ. ಅದಕ್ಕೇ ಪ್ರತಿ ಮೊಟ್ಟೆಯ ನೆತ್ತಿಯ ಮೇಲೆ ಪೆನ್ಸಿಲಿನಿಂದ ಚುಕ್ಕೆ ಇಟ್ಟೆ. ಒಂದಕ್ಕೊಂದು ಅಂಟಿಕೊಂಡವನ್ನು ಬಿಡಿಸುವ ಗೋಜಿಗೆ ಹೋಗಲಿಲ್ಲ. ವಾರದ ನಂತರ ಕತ್ತಲಲ್ಲಿ ಟಾರ್ಚ್ ಹಿಡಿದರೆ ಗುಲಾಬಿ ಬೆಳಕಿನಲ್ಲಿ ಕೆಂಪು ನರಗಳು ಕಾಣುತ್ತಿದ್ದವು. ಮೊಸಳೆ, ಆಮೆಗಳಂತೆ ಇಲ್ಲಿ ಶಾಖದಿಂದ ಗಂಡು ಹೆಣ್ಣು ನಿರ್ಧಾರವಾಗುವುದಿಲ್ಲ. ಶಾಖ ಹೆಚ್ಚಾದರೆ ಮರಿಯ ಬೆನ್ನು ಸೊಟ್ಟಗಾಗಬಹುದು, ಕಡಿಮೆಯಾದರೆ ದಿನ ಹೆಚ್ಚು ಹಿಡಿಯುತ್ತದೆ, ಅಷ್ಟೇ. ಚೆನ್ನಿಯ ಮೊಟ್ಟೆಗಳಲ್ಲಿ ಒಂದು ಜುಲೈನಲ್ಲಿ ಬೂಷ್ಟು ಹಿಡಿದು ಕೆಟ್ಟಿತು. ಬೂದಿಯದರಲ್ಲೂ ಒಂದು ಕೊನೆಯ ವಾರದಲ್ಲಿ ಸತ್ತಿತ್ತು.

ಜೂನ್ ಕೊನೆಗೆ ಅಮ್ಮ ಊರಿನಿಂದ ಬಂದಿದ್ದರು. ನೆಲಮಾಳಿಗೆಗೆ ಇಳಿಯುವುದಿಲ್ಲ ಎಂದು ಮೊದಲ ದಿನವೇ ಹೇಳಿದ್ದರು. ಜುಲೈ 29ರಂದು ಬೂದಿಯ ಮೊಟ್ಟೆಗಳು ಬಿರಿದವು: ಮೇಲಿನ ದವಡೆಯ ತುದಿಯಲ್ಲಿರುವ, ಕೆಲವೇ ದಿನಗಳಲ್ಲಿ ಉದುರಿಹೋಗುವ ಪುಟ್ಟ ಹಲ್ಲಿನಿಂದ ಮರಿ ತೊಗಲಿನಂಥ ಸಿಪ್ಪೆಯನ್ನು ಸೀಳಿ, ಮೂಗು ಹೊರಗಿಟ್ಟು, ಒಂದು ದಿನ ಹಾಗೆಯೇ ಕುಳಿತಿರುತ್ತದೆ. ಉಳಿದ ಹಳದಿಯನ್ನು ಹೊಟ್ಟೆಗೆ ಎಳೆದುಕೊಳ್ಳುವ ಹೊತ್ತು ಅದು. ಕೈ ಹಾಕಿ ಹೊರಗೆಳೆಯಬಾರದು. ಚೆನ್ನಿಯ ಮೊಟ್ಟೆಗಳು ಆಗಸ್ಟ್ 8ರ ರಾತ್ರಿ ಬಿರಿಯತೊಡಗಿದವು. ಮರುದಿನ ನಾಗರಪಂಚಮಿ. ಅಮ್ಮ ತಂಬಿಟ್ಟು ಮಾಡಿ, ಗೋಡೆಗೆ ಒರಗಿಸಿದ ನಾಗಪ್ಪನ ಪಟಕ್ಕೆ ಪೂಜೆ ಮುಗಿಸಿ, ಯಾರೂ ಕರೆಯದೆ ಮೆಟ್ಟಿಲಿಳಿದು ಬಂದರು. ಡಬ್ಬಿಯ ತುಂಬ ಸೀಳಿದ ಮೊಟ್ಟೆಗಳಿಂದ ಇಣುಕುತ್ತಿದ್ದ ತಲೆಗಳನ್ನು ನೋಡಿ ಬಹಳ ಹೊತ್ತು ನಿಂತಿದ್ದು, ‘ಇಷ್ಟನ್ನೂ ಏನ್ ಮಾಡ್ತೀಯೋ ಮಗಾ’ ಎಂದರು. ಏಪ್ರಿಲ್‌ನಲ್ಲೇ ನಾನು ಕೇಳಿಕೊಳ್ಳಬೇಕಾಗಿದ್ದ ಪ್ರಶ್ನೆ. ಹಾಲಿನ ಬಟ್ಟಲು ತರಲೇ ಎಂದೂ ಕೇಳಿದರು. ಹಾವು ಹಾಲು ಕುಡಿದು ಅರಗಿಸಿಕೊಳ್ಳುವ ಪ್ರಾಣಿಯಲ್ಲವೆಂದಾಗ ನಂಬಲಿಲ್ಲ, ವಾದಿಸಲೂ ಇಲ್ಲ.

ಒಟ್ಟು ಇಪ್ಪತ್ತೊಂಬತ್ತು ಮರಿ. ಚೆನ್ನಿಯ ಹದಿನಾರರಲ್ಲಿ ಒಂಬತ್ತು ಅಮೆಲ್, ಏಳು ಸಹಜ ಬಣ್ಣದವು, ಲೆಕ್ಕಕ್ಕೆ ಸರಿ. ಬೂದಿಯ ಹದಿಮೂರರಲ್ಲಿ ಆರು ಅನೆರಿ, ಏಳು ಸಹಜ ಬಣ್ಣದವು. ಸ್ನೋ ಒಂದೂ ಇಲ್ಲ, ಅಮೆಲ್ ಒಂದೂ ಇಲ್ಲ. ಬೂದಿ ನಿಜವಾಗಿಯೂ ಅಮೆಲ್‌ಗೆ ಹೆಟ್ ಆಗಿದ್ದರೆ ಅಮೆಲ್ ಗುಣ ಪ್ರತಿ ಮರಿಯಲ್ಲೂ ಅರ್ಧಕ್ಕರ್ಧ ಸಾಧ್ಯತೆಯಲ್ಲಿ ತೋರಬೇಕಿತ್ತು. ಹದಿಮೂರೂ ಮರಿಗಳು ತಪ್ಪಿಸಿಕೊಳ್ಳುವ ಸಂಭವ 8,192ರಲ್ಲಿ ಒಂದು. ಮಾರಿದವರು ತಿಳಿದೇ ಸುಳ್ಳು ಹೇಳಿದರೋ ಅವರಿಗೆ ಮಾರಿದವರು ಹೇಳಿದ್ದನ್ನೇ ನಂಬಿದ್ದರೋ, ಕೇಳಿ ಪ್ರಯೋಜನವಿರಲಿಲ್ಲ. ಪೊರೆಯ ತುಂಡೊಂದನ್ನು ಕಳಿಸಿದರೆ ಈ ಗುಣಗಳನ್ನು ಪರೀಕ್ಷಿಸಿ ಹೇಳುವ ಪ್ರಯೋಗಾಲಯಗಳು ಈಗ ಇವೆ. ನಾನು ಅದನ್ನು ಮೊದಲೇ ಮಾಡಿಸಿದ್ದರೆ ಬೂದಿಯನ್ನು ಆ ವರ್ಷ ಜೋಡಿಗೆ ಬಿಡುತ್ತಲೇ ಇರಲಿಲ್ಲ.

ಮರಿ ಹೊರಬಂದ ಮೇಲೆ ಕೆಲಸ ಹಗುರಾಗುತ್ತದೆ ಎಂದುಕೊಂಡಿದ್ದೆ. ಇಪ್ಪತ್ತೊಂಬತ್ತು ಚಿಕ್ಕ ಡಬ್ಬಿ, ಪ್ರತಿಯೊಂದಕ್ಕೂ ಗಾಳಿ ರಂಧ್ರ, ಒದ್ದೆ ಕಾಗದ, ನೀರಿನ ಮುಚ್ಚಳ, ಸಂಖ್ಯೆ. ಮರಿಗಳನ್ನು ಒಟ್ಟಿಗಿಟ್ಟರೆ ಒಂದನ್ನೊಂದು ನುಂಗುವ ಸಾಧ್ಯತೆ ಇದೆ. ಐದರಿಂದ ಏಳು ಗ್ರಾಂ ತೂಗುವ, ಪೆನ್ಸಿಲಿಗಿಂತ ತೆಳ್ಳಗಿನ ಜೀವಗಳು ಹತ್ತು ದಿನದೊಳಗೆ ಮೊದಲ ಪೊರೆ ಬಿಡುತ್ತವೆ. ಅದಕ್ಕೆ ಮೊದಲು ತಿನ್ನುವುದಿಲ್ಲ. ಆಮೇಲೆ, ಫ್ರೀಜರಿನಿಂದ ತೆಗೆದು ಬೆಚ್ಚಗೆ ಮಾಡಿದ, ಕಣ್ಣು ಬಿಡದ ಕೆಂಪು ಇಲಿಮರಿಯನ್ನು ಒಂದೊಂದಕ್ಕೂ ಕೊಟ್ಟೆ. ಮೊದಲೆರಡು ಪ್ರಯತ್ನದಲ್ಲಿ ಇಪ್ಪತ್ತು ತಿಂದವು. ಒಂಬತ್ತು ಮುಖ ತಿರುಗಿಸಿದವು.

ಆ ಒಂಬತ್ತರೊಂದಿಗೆ ಸೆಪ್ಟೆಂಬರ್ ಕಳೆಯಿತು. ಇಲಿಮರಿಯನ್ನು ಸೋಪಿನಿಂದ ತೊಳೆದು ಸಾಕಷ್ಟು ನೀರಿನಲ್ಲಿ ಜಾಲಿಸಿ, ಇಲಿಯ ವಾಸನೆ ಕಳೆದು ಕೊಟ್ಟಾಗ ಎರಡು ತಿಂದವು. ಇಲಿಮರಿಯ ತಲೆಯನ್ನು ತುಸು ಸೀಳಿ ಮಿದುಳಿನ ವಾಸನೆ ಬರುವಂತೆ ಮಾಡುವುದು ಇನ್ನೊಂದು ಉಪಾಯ. ಬೆಳಗಿನ ಕಾಫಿಗೆ ಮೊದಲು ಮಾಡುವ ಕೆಲಸವಲ್ಲ ಅದು, ಆದರೆ ಮೂರು ಮರಿಗಳು ಅದಕ್ಕೊಲಿದವು. ಇನ್ನೊಂದನ್ನು ಇಲಿಮರಿಯ ಸಮೇತ ಅಂಗೈಯಗಲದ ಡಬ್ಬಿಯಲ್ಲಿ ಹಾಕಿ ಬಟ್ಟೆ ಮುಚ್ಚಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಇಲಿಮರಿ ಇರಲಿಲ್ಲ. ಉಳಿದ ಮೂರು ಇದಾವುದಕ್ಕೂ ಜಗ್ಗಲಿಲ್ಲ. ಕಾಡಿನಲ್ಲಿ ಕಾರ್ನ್ ಹಾವಿನ ಮರಿಗಳು ಮೊದಲು ಹಿಡಿಯುವುದು ಸಣ್ಣ ಹಲ್ಲಿ, ಮರಗಪ್ಪೆಗಳನ್ನು. ಇಲಿ ನಾವು ಮಾಡಿಸಿದ ಅಭ್ಯಾಸ. ಪರಿಚಯದ ಒಬ್ಬರು ಸಾಕಿದ್ದ ಅನೋಲ್ ಹಲ್ಲಿಯ ಪೊರೆಯನ್ನು ಕೊಟ್ಟರು. ಅದನ್ನು ಇಲಿಮರಿಯ ಮೈಗೆ ಉಜ್ಜಿ ಕೊಟ್ಟಾಗ ಎರಡು ಗಬಕ್ಕನೆ ಹಿಡಿದವು. ಕೊನೆಯದು, 17ನೆಯ ಸಂಖ್ಯೆಯ ಅನೆರಿ, ಹಿಡಿಯಲಿಲ್ಲ. ಬಾಯಿ ತೆರೆಸಿ ಇಲಿಮರಿಯ ಮೂತಿಯನ್ನು ಒಳಗಿಟ್ಟರೂ ಉಗುಳುತ್ತಿತ್ತು. ಒಂಬತ್ತು ವಾರಕ್ಕೆ ಅದು ಸತ್ತಾಗ ತೂಕ 3.8 ಗ್ರಾಂ.

ಸತತ ಐದು ಊಟ ಮಾಡಿದ ಮರಿಯನ್ನು ಮಾತ್ರ ಕೊಡುವುದೆಂದು ಮೊದಲೇ ನಿಶ್ಚಯಿಸಿದ್ದೆ. ಇಲ್ಲಿನ ಸರ್ಕಾರಿ ಅಂಚೆಯಲ್ಲಿ ಹಾವು ಕಳಿಸುವಂತಿಲ್ಲ. ಖಾಸಗಿ ಕೊರಿಯರ್‌ನಲ್ಲಿ ಒಂದೇ ರಾತ್ರಿಯಲ್ಲಿ ತಲುಪಿಸುವ ವ್ಯವಸ್ಥೆಗಳಿದ್ದರೂ ನನಗೆ ಧೈರ್ಯ ಬರಲಿಲ್ಲ. ಅಕ್ಟೋಬರಿನಲ್ಲಿ ಇಲ್ಲಿನ ಸರೀಸೃಪ ಮೇಳದಲ್ಲಿ ಒಂದು ಮೇಜು ಹಿಡಿದು, ಪ್ರತಿ ಡಬ್ಬಿಯ ಜೊತೆ ಹುಟ್ಟಿದ ದಿನ, ಊಟದ ದಿನಾಂಕ, ತೂಕಗಳ ಚೀಟಿ ಇಟ್ಟು ಕುಳಿತೆ. ಅಮೆಲ್ ಮರಿಗೆ 50 ಡಾಲರ್, ಸಹಜ ಬಣ್ಣದ್ದಕ್ಕೆ 25. ಬೂದಿಯ ಮರಿಗಳ ಚೀಟಿಯ ಮೇಲೆ ಅವು ಕೆಂಚನಿಂದಾಗಿ ಅಮೆಲ್‌ಗೆ ಹೆಟ್ ಎಂದು ಖಚಿತವಾಗಿ ಬರೆಯಬಹುದಿತ್ತು, ಬರೆದೆ. ಪರೀಕ್ಷಿಸದ ಬೇರಾವ ಗುಣದ ಹೆಸರನ್ನೂ ಬರೆಯಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಹದಿನಾಲ್ಕು ಹೋದವು. ಅತಿ ಬೇಗ ಹೋದವು ಅಮೆಲ್. ಸಹಜ ಬಣ್ಣದವನ್ನು ಕೇಳಿದವರು ಬಹಳ ಕಡಿಮೆ, ಅವುಗಳಲ್ಲಿ ನಾಲ್ಕನ್ನು ಒಬ್ಬ ಶಾಲಾ ಶಿಕ್ಷಕಿಗೆ ತರಗತಿಯಲ್ಲಿ ತೋರಿಸಲೆಂದು ಸುಮ್ಮನೆ ಕೊಟ್ಟೆ. ಇಲಿಮರಿ, ಡಬ್ಬಿ, ವಿದ್ಯುತ್, ಮೇಜಿನ ಬಾಡಿಗೆ, ವೈದ್ಯರ ಬಿಲ್ಲು ಎಲ್ಲ ಕಳೆದರೆ ಉಳಿದದ್ದೇನೂ ಇಲ್ಲ, ಕೈಯಿಂದ ಹೋದದ್ದೇ ಹೆಚ್ಚು. ಇದರಲ್ಲಿ ಹಣ ಮಾಡುವವರಿದ್ದಾರೆ. ಅವರು ನೂರಾರು ಹಾವುಗಳನ್ನು ಸಾಕುವವರು, ಒಂದೇ ಋತುವಿನಲ್ಲಿ ಹೆಣ್ಣಿನಿಂದ ಎರಡು ಸಲ ಮೊಟ್ಟೆ ಪಡೆಯುವವರು. ಕಾರ್ನ್ ಹಾವಿನ ಹೆಣ್ಣು ಗಂಡಿನ ವೀರ್ಯವನ್ನು ಒಳಗೆ ಉಳಿಸಿಕೊಳ್ಳಬಲ್ಲದು. ಮೊದಲ ಮೊಟ್ಟೆಯ ನಂತರ ಚೆನ್ನಾಗಿ ತಿನ್ನಿಸಿದರೆ ಇನ್ನೊಮ್ಮೆ ಗಂಡನ್ನು ಕಾಣದೆಯೇ ಎರಡನೆಯ ಸಲ ಇಡಬಹುದು. ಜುಲೈನಲ್ಲಿ ಚೆನ್ನಿಯ ಹೊಟ್ಟೆಯನ್ನು ನಾನು ಮುಟ್ಟಿ ಮುಟ್ಟಿ ನೋಡುತ್ತಿದ್ದುದು ಹಾಗಾಗದಿರಲಿ ಎಂದು.

2024ರ ನವೆಂಬರ್ 1ರ ಪುಟದಲ್ಲಿ ಹನ್ನೊಂದು ಸಾಲುಗಳಿವೆ: ದೊಡ್ಡವು ಮೂರು, ಇನ್ನೂ ಮನೆ ಸಿಗದ ಮರಿ ಎಂಟು. ಕೆಂಚ 402, ಚೆನ್ನಿ 441, ಬೂದಿ 344. ಬೂದಿಯ ತೂಕ ಹಿಂದಿನ ವರ್ಷಕ್ಕಿಂತ ಆರು ಗ್ರಾಂ ಹೆಚ್ಚು. ಗಂಡಿಲ್ಲದೆಯೂ ಹೆಣ್ಣಿನಲ್ಲಿ ಬರಡು ಮೊಟ್ಟೆ ಬೆಳೆದು ಮತ್ತೆ ಒಳಗೇ ಕಟ್ಟಿಕೊಳ್ಳಬಹುದಾದ್ದರಿಂದ, ವಸಂತದ ಸೂಚನೆಯೇ ಅವಳಿಗೆ ಸಿಗದಂತೆ, ಈ ಚಳಿಗಾಲ ಅವಳನ್ನು ನೆಲಮಾಳಿಗೆಗೆ ಇಳಿಸುವುದು ಬೇಡವೆಂದು ವೈದ್ಯರೊಂದಿಗೆ ಮಾತಾಡಿ ತೀರ್ಮಾನಿಸಿದ್ದೆ. ಉಳಿದಿಬ್ಬರಿಗೂ ಈ ವರ್ಷ ರಜೆ. ‘ಕೊನೆಯ ಊಟ’ ಎಂಬ ಗೆರೆ ಎಳೆಯದೆ, ಮೂವರಿಗೂ ಒಂದೊಂದು ಇಲಿ ಕೊಟ್ಟು, ಎಂಟು ಇಲಿಮರಿಗಳನ್ನು ಬಿಸಿನೀರಿಗೆ ಹಾಕಿದೆ.